ಕ್ವಿಲ್ಟ್ ಪ್ಯಾಟರ್ನ್: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಕ್ವಿಲ್ಟ್ ಎಂದರೆ ಬಟ್ಟೆಯ ತುಂಡುಗಳನ್ನು ಕೂಡಿಸಿ, ಪದರ ಸೇರಿಸಿ ಹೊಲಿದ ಹೊದಿಕೆ; ಅದನ್ನು ಕತ್ತರಿಸಿ ಹೊಲಿಯುವ ಅಳತೆ, ಕ್ರಮ ಬರೆದದ್ದು ಪ್ಯಾಟರ್ನ್. ಪ್ಯಾಟರ್ನ್ ಆರಿಸುವಾಗ ಹೆಚ್ಚಿನವರು ನೋಡುವುದು ಫೋಟೊ. ಬಣ್ಣ ಹಿಡಿಸಿತು, ನಕ್ಷತ್ರ ಚೆನ್ನಾಗಿದೆ, ಕೊಂಡಾಯಿತು. ಆ ಪ್ಯಾಟರ್ನ್ ಎಂಥದ್ದು ಎನ್ನುವುದು ಗೊತ್ತಾಗುವುದು ಮಾತ್ರ ಬಟ್ಟೆಗೆ ಕತ್ತರಿ ಬಿದ್ದ ಮೇಲೆ. ಕಾಲು ಇಂಚು ಕಡಿಮೆಯಾದ ತುಂಡನ್ನು ಮತ್ತೆ ಬೆಳೆಸಲು ಬರುವುದಿಲ್ಲ. ಹಾಗಾಗಿ ಫೋಟೊಗಿಂತ ಮೊದಲು ಅಂಕಿಗಳನ್ನು ಓದಬೇಕು. ಒಳ್ಳೆಯ ಪ್ಯಾಟರ್ನ್ ಎಂದರೆ ಕಾಗದ, ಪೆನ್ಸಿಲ್ ಹಿಡಿದು ಕೂತು ನೀವೇ ತಾಳೆ ನೋಡಬಹುದಾದ ಲೆಕ್ಕ. ತಾಳೆ ನೋಡಲು ಬೇಕಾದ ಅಂಕಿಗಳನ್ನೇ ಕೊಡದ ಪ್ಯಾಟರ್ನ್ ಎಷ್ಟು ಚಂದವಾಗಿದ್ದರೂ ಬಿಟ್ಟುಬಿಡಿ.

ಮಾತು ಗಾಳಿಯಲ್ಲಿ ಉಳಿಯದಿರಲಿ ಎಂದು ಕೊನೆಯವರೆಗೂ ಒಂದೇ ಕ್ವಿಲ್ಟನ್ನು ಮುಂದಿಟ್ಟುಕೊಳ್ಳೋಣ. ತುಂಡು ಕೂಡಿಸಿ ಮಾಡಿದ ಒಂದೊಂದು ಚೌಕವೂ ಒಂದು ಬ್ಲಾಕ್. 12 ಇಂಚಿನ ಸಾಟೂತ್ ಸ್ಟಾರ್ ಎಂಬ ನಕ್ಷತ್ರದ ಬ್ಲಾಕ್‌ಗಳು 20. ಅಡ್ಡಕ್ಕೆ 4, ಉದ್ದಕ್ಕೆ 5. ಸುತ್ತ 6 ಇಂಚಿನ ಬಾರ್ಡರ್. ಮುಗಿದಾಗ 60×72 ಇಂಚು. ಮೆರೂನ್ ನಕ್ಷತ್ರ, ಬಿಳಿ ಹಿನ್ನೆಲೆ. ಅಮೆರಿಕದ ಹಳೆಯ ವಿನ್ಯಾಸ ಇದು. ಹೊಸಬರ ಕೈಗೂ ಎಟಕುತ್ತದೆ, ನುರಿತವರೂ ಮತ್ತೆ ಮತ್ತೆ ಹೊಲಿಯುತ್ತಾರೆ, ಇದಕ್ಕೆ ಬಗೆಬಗೆಯ ಪ್ಯಾಟರ್ನ್‌ಗಳಿವೆ. ಹೋಲಿಸಿ ನೋಡಲು ಇದಕ್ಕಿಂತ ಅನುಕೂಲದ ಬ್ಲಾಕ್ ಸಿಗುವುದು ಕಷ್ಟ.

ಮೊದಲ ಪುಟದಲ್ಲೇ ಇರಬೇಕಾದ ಮಾತು

ಮಾರ್ಜಿನ್, ಅಂದರೆ ಹೊಲಿಗೆಯಿಂದ ಅಂಚಿಗೆ ಬಿಡುವ ಬಟ್ಟೆ, ಎಷ್ಟು? ಕೊಟ್ಟ ಅಳತೆ ಕತ್ತರಿಸುವ ಅಳತೆಯೋ, ಹೊಲಿದು ಮುಗಿದ ಮೇಲಿನ ಅಳತೆಯೋ? ಈ ಎರಡಕ್ಕೆ ಮೊದಲ ಪುಟದಲ್ಲಿ ಉತ್ತರ ಇಲ್ಲದಿದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ.

ಕ್ವಿಲ್ಟಿಂಗ್‌ನಲ್ಲಿ ಮಾರ್ಜಿನ್ ಕಾಲು ಇಂಚು. ರವಿಕೆ, ಚೂಡಿದಾರ್ ಹೊಲಿದು ರೂಢಿಯಾದ ಕೈಗೆ ಇದು ತೀರಾ ಕಡಿಮೆ ಅನಿಸುತ್ತದೆ. ಟೈಲರಿಂಗ್‌ನಲ್ಲಿ ಮುಂದೆ ಬಿಚ್ಚಿ ಸಡಿಲ ಮಾಡಲಿಕ್ಕೆಂದು ಧಾರಾಳ ಬಿಡುತ್ತೇವೆ. ಇಲ್ಲಿ ಬಿಡುವಂತಿಲ್ಲ, ಏಕೆಂದರೆ ಪ್ರತಿ ತುಂಡಿನ ಅಳತೆಯೂ ಆ ಕಾಲು ಇಂಚನ್ನು ಸೇರಿಸಿಯೇ ಹುಟ್ಟಿದ್ದು. 3 ಇಂಚಿನ ಚೌಕ ಬೇಕಾದರೆ ಕತ್ತರಿಸುವುದು 3½. 6 ಇಂಚಿನದಕ್ಕೆ 6½. ಬರೀ ‘6 ಇಂಚಿನ ಚೌಕ’ ಎಂದು ಬರೆದು ಸುಮ್ಮನಾಗುವ ಪ್ಯಾಟರ್ನ್ ಅರ್ಧ ಇಂಚಿನ ಪ್ರಶ್ನೆಯನ್ನು ನಿಮ್ಮ ತಲೆಗೆ ಕಟ್ಟುತ್ತದೆ.

ಹಳೆಯ ಪ್ಯಾಟರ್ನ್‌ಗಳಲ್ಲಿ ಈ ತೊಂದರೆ ಹೆಚ್ಚು. ಅಮೆರಿಕದ ಕಾನ್ಸಾಸ್ ಸಿಟಿ ಸ್ಟಾರ್ ಪತ್ರಿಕೆ 1928ರಿಂದ ಕ್ವಿಲ್ಟ್ ವಿನ್ಯಾಸಗಳನ್ನು ಅಚ್ಚು ಹಾಕುತ್ತಿದ್ದ ಕಾಲಕ್ಕೆ ಓದುಗರು ರಟ್ಟಿನ ಅಚ್ಚು ಕತ್ತರಿಸಿ, ಸುತ್ತ ಪೆನ್ಸಿಲ್ ಎಳೆದು, ಕತ್ತರಿಯಿಂದ ಕತ್ತರಿಸಿ, ಕೈಯಲ್ಲಿ ಹೊಲಿಯುತ್ತಿದ್ದರು. ಅಂಥ ಅಚ್ಚುಗಳಲ್ಲಿ ಎಷ್ಟೋ ಸಲ ಮಾರ್ಜಿನ್ ಸೇರಿರುವುದಿಲ್ಲ. ಕೈಹೊಲಿಗೆಗೆ ಅದೇ ಸರಿ, ಏಕೆಂದರೆ ಪೆನ್ಸಿಲ್ ಗೆರೆಯೇ ಹೊಲಿಗೆಯ ಗೆರೆ. 1979ರಲ್ಲಿ ಜಪಾನಿನ ಓಲ್ಫಾ ಕಂಪನಿಯ ರೋಟರಿ ಕಟರ್ (ಉರುಳುವ ದುಂಡು ಅಲಗಿನ ಕತ್ತಿ) ಬಂದ ಮೇಲೆ ಅಚ್ಚಿನ ಜಾಗಕ್ಕೆ ಸ್ಕೇಲು ಬಂತು, ಮಾರ್ಜಿನ್ ಸೇರಿದ ಅಳತೆಗಳು ಬಂದವು. ಹಳೆಯ ಅಚ್ಚನ್ನು ಹೊಸ ರೀತಿಯಲ್ಲಿ ಕತ್ತರಿಸಿದರೆ ಬ್ಲಾಕ್ ಕುಗ್ಗುತ್ತದೆ, ಮೊನೆಗಳೆಲ್ಲ ಹೊಲಿಗೆಯೊಳಗೆ ಹೋಗುತ್ತವೆ.

ಇಂಚು, ಸೆಂಟಿಮೀಟರ್ ಬೆರೆಸುವ ಪ್ಯಾಟರ್ನ್ ಬಗ್ಗೆ ಒಂದು ಎಚ್ಚರಿಕೆ. ಕಾಲು ಇಂಚು ಎಂದರೆ 6.35 ಮಿ.ಮೀ. ಸೆಂಟಿಮೀಟರ್‌ನಲ್ಲಿ ಬರೆದ ಎಷ್ಟೋ ಪ್ಯಾಟರ್ನ್‌ಗಳು 7 ಅಥವಾ 7.5 ಮಿ.ಮೀ. ಮಾರ್ಜಿನ್ ಇಟ್ಟುಕೊಂಡಿರುತ್ತವೆ. ಎರಡರಲ್ಲಿ ಯಾವುದಾದರೂ ಸರಿ, ಆದರೆ ಒಂದನ್ನೇ ಹಿಡಿದು ಕೊನೆತನಕ ಹೋಗಬೇಕು. ಇಂಚಿನ ಅಂಕಿಯ ಪಕ್ಕದಲ್ಲಿ ಮಿ.ಮೀ.ಗೆ ಬದಲಾಯಿಸಿದ ಅಂಕಿಯನ್ನೂ ಕೊಟ್ಟಿದ್ದರೆ ಅದನ್ನು ಬಟ್ಟೆ ಕೊಳ್ಳಲು ಮಾತ್ರ ಬಳಸಿ, ತುಂಡು ಕತ್ತರಿಸಲು ಬೇಡ. ಇನ್ನು 3⅞ ಎಂಬಂಥ ಅಂಕಿ ನೋಡಿ ಗಾಬರಿಪಡಬೇಕಿಲ್ಲ. ಇಂಚಿನ ಎಂಟನೇ ಒಂದು ಭಾಗಕ್ಕೆ ನಮ್ಮ ಬಡಗಿಗಳು ‘ನೂಲು’ ಎನ್ನುತ್ತಾರೆ. 3⅞ ಎಂದರೆ ಮೂರು ಇಂಚು ಏಳು ನೂಲು, ಅಷ್ಟೇ. ಅಳೆಯುವುದು ಸ್ಕೇಲಿನಲ್ಲಿರಲಿ. ಟೈಲರ್ ಟೇಪು ಬಳಸಿ ಬಳಸಿ ಜಗ್ಗಿರುತ್ತದೆ.

ಒಂದೇ ನಕ್ಷತ್ರ, ಎರಡು ದಾರಿ

ಸಾಟೂತ್ ಸ್ಟಾರ್‌ನಲ್ಲಿ ನಡುವೆ ಒಂದು ದೊಡ್ಡ ಚೌಕ, ನಾಲ್ಕು ಮೂಲೆಗೆ ನಾಲ್ಕು ಸಣ್ಣ ಚೌಕ, ನಾಲ್ಕು ಬದಿಗೆ ಫ್ಲೈಯಿಂಗ್ ಗೀಸ್ ಎನ್ನುವ ನಾಲ್ಕು ಆಯತಗಳು. ಒಂದು ದೊಡ್ಡ ಬಿಳಿ ತ್ರಿಕೋನ, ಅದರ ಎರಡು ಹೆಗಲಿಗೆ ಎರಡು ಮೆರೂನ್ ತ್ರಿಕೋನ ಸೇರಿದರೆ ಒಂದು ಗೀಸ್. ನಡು ಚೌಕ ಕತ್ತರಿಸುವ ಅಳತೆ 6½, ಮೂಲೆಯವು 3½. ಇದರಲ್ಲಿ ಯಾವ ಪ್ಯಾಟರ್ನಿಗೂ ಭಿನ್ನಾಭಿಪ್ರಾಯ ಇಲ್ಲ. ವ್ಯತ್ಯಾಸ ಇರುವುದು ಗೀಸ್ ಮಾಡುವ ರೀತಿಯಲ್ಲಿ.

ಮೊದಲ ಬಗೆಯ ಪ್ಯಾಟರ್ನ್ ಒಂದೊಂದಾಗಿ ಮಾಡಿಸುತ್ತದೆ. ಬಿಳಿಯಲ್ಲಿ 3½×6½ ಆಯತ, ಮೆರೂನ್‌ನಲ್ಲಿ 3½ ಚೌಕ ಎರಡು. ಚೌಕವನ್ನು ಆಯತದ ಒಂದು ತುದಿಗೆ ಮೇಲುಮೈಗೆ ಮೇಲುಮೈ ಸೇರಿಸಿ ಇಟ್ಟು, ಮೂಲೆಯಿಂದ ಮೂಲೆಗೆ ಹೊಲಿದು, ಹೊರಗಿನ ಮೂಲೆ ಕತ್ತರಿಸಿ ತೆಗೆದು, ಮಡಚಿ ಇಸ್ತ್ರಿ. ಇನ್ನೊಂದು ತುದಿಗೂ ಹಾಗೆಯೇ. ಲೆಕ್ಕ ಸುಲಭ, ಏಳು ನೂಲಿನ ರಗಳೆ ಇಲ್ಲ. ಆದರೆ ಕತ್ತರಿಸಿದ ಮೂಲೆಗಳೆಲ್ಲ ಕಸ.

ಎರಡನೇ ಬಗೆ ನಾಲ್ಕನ್ನು ಒಟ್ಟಿಗೆ ಮಾಡಿಸುತ್ತದೆ. ಬಿಳಿಯಲ್ಲಿ 7¼ ಇಂಚಿನ ಒಂದು ಚೌಕ, ಮೆರೂನ್‌ನಲ್ಲಿ 3⅞ ಇಂಚಿನ ನಾಲ್ಕು. ದೊಡ್ಡ ಚೌಕದ ಎದುರುಬದುರು ಮೂಲೆಗಳಿಗೆ ಎರಡು ಸಣ್ಣ ಚೌಕ ಇಡಬೇಕು. ನಡುವೆ ಅವು ಒಂದರ ಮೇಲೊಂದು ಚೂರು ಹತ್ತುತ್ತವೆ, ಹತ್ತಲೇಬೇಕು. ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಗೆರೆಯ ಎರಡೂ ಪಕ್ಕ ಕಾಲು ಇಂಚು ಬಿಟ್ಟು ಹೊಲಿದು, ಗೆರೆಯ ಮೇಲೆ ಕತ್ತರಿಸಿ. ಮೆರೂನ್ ಕಡೆಗೆ ಇಸ್ತ್ರಿ. ಈಗ ಕೈಯಲ್ಲಿ ಹೃದಯದ ಆಕಾರದ ಎರಡು ತುಂಡುಗಳಿರುತ್ತವೆ. ಪ್ರತಿಯೊಂದರ ಉಳಿದ ಬಿಳಿ ಮೂಲೆಗೆ ಇನ್ನೊಂದು ಸಣ್ಣ ಚೌಕ, ಗೆರೆ ಆ ಮೂಲೆಯಿಂದ ಎರಡು ಮೆರೂನ್ ತ್ರಿಕೋನಗಳ ಸಂದಿಗೆ, ಮತ್ತೆ ಎರಡೂ ಪಕ್ಕ ಹೊಲಿಗೆ, ಮತ್ತೆ ಕತ್ತರಿ. ನಾಲ್ಕು ಗೀಸ್ ತಯಾರು, ಒಂದು ಬ್ಲಾಕಿಗೆ ಬೇಕಾದಷ್ಟೇ.

ಈ ಹಂತದಲ್ಲಿ ಪ್ಯಾಟರ್ನ್ ಒಂದು ವಾಕ್ಯ ಹೇಳಲೇಬೇಕು: ‘ಈಗ ಪ್ರತಿ ತುಂಡು 3½×6½ ಇರಬೇಕು, ತ್ರಿಕೋನದ ಮೊನೆಯಿಂದ ಮೇಲಿನ ಅಂಚಿಗೆ ಕಾಲು ಇಂಚು ಉಳಿದಿರಬೇಕು.’ ಒಳ್ಳೆಯ ಪ್ಯಾಟರ್ನಿಗೂ ಸಾಧಾರಣ ಪ್ಯಾಟರ್ನಿಗೂ ಇರುವ ದೊಡ್ಡ ವ್ಯತ್ಯಾಸ ಇಂಥ ವಾಕ್ಯಗಳು ಎಷ್ಟಿವೆ ಎನ್ನುವುದೇ. ಮೊನೆಯ ಮೇಲೆ ಆ ಕಾಲು ಇಂಚು ಇಲ್ಲದಿದ್ದರೆ ಪಕ್ಕದ ತುಂಡಿಗೆ ಹೊಲಿಯುವಾಗ ಮೊನೆ ಮೊಂಡಾಗುತ್ತದೆ. ಅದು ಕಾಣಿಸುವುದು ಬ್ಲಾಕ್ ಪೂರ್ತಿ ಆದ ಮೇಲೆ, ಅಷ್ಟರಲ್ಲಿ ಬಿಚ್ಚಬೇಕಾದ ಹೊಲಿಗೆ ನಾಲ್ಕಾರು. ಹಂತಹಂತಕ್ಕೂ ಅಳತೆ ಹೇಳುವ ಪ್ಯಾಟರ್ನ್ ತಪ್ಪನ್ನು ಅದು ಹುಟ್ಟಿದ ಜಾಗದಲ್ಲೇ ಹಿಡಿದುಕೊಡುತ್ತದೆ.

ಇನ್ನೂ ಒಳ್ಳೆಯ ಪ್ಯಾಟರ್ನ್ 7¼ ಬದಲು 7½, 3⅞ ಬದಲು 4 ಇಂಚು ಕತ್ತರಿಸಿ, ಕೊನೆಗೆ 3½×6½ಕ್ಕೆ ಅಂಚು ಸವರಿಕೊಳ್ಳಿ ಎನ್ನುತ್ತದೆ. ಹೊಸಬರು ಇದನ್ನೇ ಆರಿಸಿಕೊಳ್ಳಲಿ. ಸ್ವಲ್ಪ ಬಟ್ಟೆ, ಸ್ವಲ್ಪ ಹೊತ್ತು ಹೆಚ್ಚು ಹೋದರೂ ಕೈ ತಪ್ಪಿದ್ದನ್ನು ಸ್ಕೇಲು ತಿದ್ದುತ್ತದೆ.

20 ಬ್ಲಾಕಿನ ಗೀಸ್ ಮಾಡಲು ಬಟ್ಟೆ ಎಷ್ಟು ಬೇಕು ಎಂದು ಎರಡು ಬಗೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ದಡಿ ತೆಗೆದು 40 ಇಂಚು ಅಗಲ ಬಳಕೆಗೆ ಸಿಗುತ್ತದೆ ಎಂದುಕೊಳ್ಳಿ. ಒಂದೊಂದಾಗಿ ಮಾಡಿದರೆ ಮೆರೂನ್‌ನಲ್ಲಿ 3½ ಚೌಕ 160. ಬಟ್ಟೆಯ ಅಗಲಕ್ಕೆ ಕತ್ತರಿಸಿದ ಒಂದು ಪಟ್ಟಿಗೆ 11 ಬರುತ್ತವೆ, 15 ಪಟ್ಟಿ, ಅಂದರೆ 52½ ಇಂಚು ಉದ್ದ. ನಾಲ್ಕನ್ನು ಒಟ್ಟಿಗೆ ಮಾಡಿದರೆ 3⅞ ಚೌಕ 80, ಪಟ್ಟಿಗೆ 10, ಎಂಟೇ ಪಟ್ಟಿ, 31 ಇಂಚು. ಬಿಳಿಯಲ್ಲಿ ಮೊದಲನೆಯದಕ್ಕೆ 49 ಇಂಚು, ಎರಡನೆಯದಕ್ಕೆ 7¼ ಚೌಕ 20, ಪಟ್ಟಿಗೆ 5, ನಾಲ್ಕು ಪಟ್ಟಿ, 29 ಇಂಚು. ಎರಡೂ ಬಟ್ಟೆ ಸೇರಿ ಒಂದು ಮೀಟರಿಗೂ ಹೆಚ್ಚು ಉಳಿತಾಯ. ಕೈಮಗ್ಗದ ಬಟ್ಟೆ, ಬ್ಲಾಕ್ ಪ್ರಿಂಟ್ ಕೊಳ್ಳುವವರಿಗೆ ಇದು ಸಣ್ಣ ಮಾತಲ್ಲ.

ಹಾಗೆಂದು ಎರಡನೆಯದೇ ಯಾವಾಗಲೂ ಮೇಲು ಎನ್ನುವಂತಿಲ್ಲ. ಪ್ರತಿ ಗೀಸ್ ಬೇರೆ ಬೇರೆ ಬಣ್ಣದ ಚೂರುಗಳಲ್ಲಿ ಆಗಬೇಕಾದರೆ, ಮನೆಯಲ್ಲಿ ಉಳಿದ ಸಣ್ಣ ತುಂಡುಗಳನ್ನೇ ಬಳಸಬೇಕಾದರೆ, ಒಂದೊಂದಾಗಿ ಮಾಡುವ ಪ್ಯಾಟರ್ನೇ ಸರಿ. ಮೆರೂನ್ ಬಟ್ಟೆಯಲ್ಲಿ ಪಟ್ಟೆ ಅಥವಾ ಒಂದೇ ದಿಕ್ಕಿಗೆ ನಿಂತ ಹೂಬಳ್ಳಿ ಇದ್ದರೂ ಅದೇ. ನಾಲ್ಕನ್ನು ಒಟ್ಟಿಗೆ ಮಾಡುವಾಗ ಸಣ್ಣ ತ್ರಿಕೋನಗಳಲ್ಲಿ ಪಟ್ಟೆ ಅತ್ತಿತ್ತ ತಿರುಗುತ್ತದೆ.

ಯಾರ ಅಗಲ, ಯಾರ ಗಜ?

ಅಮೆರಿಕದ ಪ್ಯಾಟರ್ನ್‌ಗಳು 42ರಿಂದ 44 ಇಂಚು ಪನ್ನಾದ ಕ್ವಿಲ್ಟಿಂಗ್ ಕಾಟನ್ ಲೆಕ್ಕ ಹಿಡಿದು ಬರೆದವು, ಅಳತೆ ಗಜದಲ್ಲಿ. ನಮ್ಮ ಅಂಗಡಿಯಲ್ಲಿ 44 ಸುಲಭವಾಗಿ ಸಿಗುತ್ತದೆ, ಕೈಮಗ್ಗದಲ್ಲಿ, ಖಾದಿಯಲ್ಲಿ 36ರದೂ ಬರುತ್ತದೆ, 58ರದೂ ಇದೆ. ಗಜ 91.44 ಸೆಂ.ಮೀ. ಮೀಟರ್ ಅದಕ್ಕಿಂತ ಮೂರು ಇಂಚಿಗೂ ಚೂರು ಹೆಚ್ಚು, ಆದ್ದರಿಂದ ಗಜ ಎಂದಿರುವಲ್ಲಿ ಅಷ್ಟೇ ಮೀಟರ್ ಕೊಂಡರೆ ನಷ್ಟವೇನೂ ಇಲ್ಲ. ನಷ್ಟವಾಗುವುದು ಅಗಲದಲ್ಲಿ.

ನಮ್ಮ ಕ್ವಿಲ್ಟಿನ ಬಾರ್ಡರ್ ನೋಡಿ. ನಡುಭಾಗ ಮಾರ್ಜಿನ್ ಸೇರಿ 48½×60½. ಎಡಬಲದ ಬಾರ್ಡರ್ 60½ ಇಂಚಿನವು ಎರಡು. ಅವು ಸೇರಿದ ಮೇಲೆ ಅಗಲವೂ 60½ ಆಗುತ್ತದೆ, ಹಾಗಾಗಿ ಮೇಲೆ ಕೆಳಗೆ ಇನ್ನೆರಡು 60½. ಒಟ್ಟು 242 ಇಂಚು. ಬಳಕೆಗೆ 42 ಇಂಚು ಸಿಗುತ್ತದೆ ಎಂದು ಬರೆದವರು ತಿಳಿದಿದ್ದರೆ ಆರು ಪಟ್ಟಿ ಸಾಕು. ದಡಿ ತೆಗೆದು, ತೊಳೆದು ಕುಗ್ಗಿ ನಿಮ್ಮ ಬಟ್ಟೆ 40ಕ್ಕೆ ಬಂದಿದ್ದರೆ ಆರು ಪಟ್ಟಿಗೆ 240, ಜೋಡಿಸಿದ ಹೊಲಿಗೆಯಲ್ಲಿ ಇನ್ನಷ್ಟು ಹೋಗುತ್ತದೆ. ಏಳನೇ ಪಟ್ಟಿ ಬೇಕೇ ಬೇಕು. 6½ ಇಂಚಿನ ಆ ಒಂದು ಪಟ್ಟಿಗಾಗಿ ಅದೇ ಪ್ರಿಂಟು, ಅದೇ ಬಣ್ಣ ಹುಡುಕುತ್ತ ಮತ್ತೆ ಅಂಗಡಿಗೆ ಅಲೆಯಬೇಕು. ಬ್ಲಾಕ್ ಪ್ರಿಂಟಿನಲ್ಲಿ ಎರಡನೇ ಸಲ ಅದೇ ಬಣ್ಣ ಸಿಗುವುದು ಅಪರೂಪ.

ಆದ್ದರಿಂದ ‘ಬಳಕೆಯ ಅಗಲ ಇಷ್ಟು’ ಎಂದು ಬರೆದಿರುವ ಪ್ಯಾಟರ್ನ್ ಬೇಕು. ಅದಕ್ಕಿಂತ ಮುಖ್ಯವಾಗಿ, ಬರೀ ‘ಮೆರೂನ್ 1½ ಗಜ’ ಎಂದು ಬರೆದರೆ ಸಾಲದು. ಎಷ್ಟು ಪಟ್ಟಿ, ಪಟ್ಟಿಯ ಅಗಲ ಎಷ್ಟು, ಅದರಿಂದ ಯಾವ ಅಳತೆಯ ತುಂಡು ಎಷ್ಟು ಎಂಬ ಪೂರ್ತಿ ವಿವರ ಇರಬೇಕು. ಅಷ್ಟಿದ್ದರೆ 36ರ ಪನ್ನಾಕ್ಕೆ ನೀವೇ ಲೆಕ್ಕ ತಿರುಗಿಸಿಕೊಳ್ಳಬಹುದು: ಬಳಕೆಗೆ 34½ ಸಿಕ್ಕರೆ 3⅞ ಚೌಕ ಪಟ್ಟಿಗೆ 8, ಎಂಟರ ಬದಲು 10 ಪಟ್ಟಿ, 31ರ ಬದಲು 38¾ ಇಂಚು. ಆ ವಿವರ ಕೊಡದ ಪ್ಯಾಟರ್ನಿನಲ್ಲಿ ಈ ದಾರಿ ಮುಚ್ಚಿದೆ.

ಹೊಸ ಕಾಟನ್ ಮೊದಲ ತೊಳೆತಕ್ಕೆ ನೂರಕ್ಕೆ 3ರಿಂದ 5ರಷ್ಟು ಕುಗ್ಗುವುದು ಸಾಮಾನ್ಯ. 44 ಇಂಚಿನಲ್ಲಿ 5 ಎಂದರೆ ಎರಡು ಇಂಚಿಗೂ ಮೇಲೆ. ಕೆಂಪು, ಮೆರೂನ್, ನೀಲಿ ಬಣ್ಣ ಬಿಡುವುದೂ ಉಂಟು, ನಮ್ಮ ಉದಾಹರಣೆಯಲ್ಲಂತೂ ಪಕ್ಕದಲ್ಲೇ ಬಿಳಿ ಇದೆ. ತೊಳೆದು ಒಣಗಿಸಿ ಇಸ್ತ್ರಿ ಮಾಡಿದ ಮೇಲೆ ಅಳೆದು, ಆ ಅಗಲವನ್ನು ಪ್ಯಾಟರ್ನಿನ ಅಗಲದ ಪಕ್ಕ ಬರೆದುಕೊಳ್ಳಿ.

ಇನ್ನೊಂದು ಮಾತು ಹಾಸಿಗೆಯ ಹೆಸರಿನದು. ಪ್ಯಾಟರ್ನಿನ ಮೇಲೆ ‘ಟ್ವಿನ್’, ‘ಕ್ವೀನ್’ ಎಂದಿದ್ದರೆ ಅದು ಆ ದೇಶದ ಮಂಚದ ಅಳತೆ. ನಮ್ಮಲ್ಲಿ ಕ್ವೀನ್ ಎಂದು ಮಾರುವ ಹಾಸಿಗೆ ಸಾಮಾನ್ಯವಾಗಿ 60×78. ನಮ್ಮ 60×72 ಕ್ವಿಲ್ಟ್ ಅದರ ಮೇಲೆ ಹಾಸಿದರೆ ಪಕ್ಕಕ್ಕೆ ಒಂದಿಂಚೂ ಇಳಿಯುವುದಿಲ್ಲ. ಒಬ್ಬರು ಹೊದೆಯಲು ಚೆನ್ನಾಗಿದೆ, ಮಂಚದ ಹಾಸಿಗೆ ಇಳಿಬಿಡಲು ಸಾಲದು. ಹೆಸರು ಬಿಟ್ಟು ಇಂಚು ನೋಡಿ.

ಅಚ್ಚು, ಕಾಗದ, ವಿಡಿಯೊ

ಇಲ್ಲಿಯವರೆಗೆ ಹೇಳಿದ್ದು ಸ್ಕೇಲು, ರೋಟರಿ ಕಟರ್ ಹಿಡಿದು ಕತ್ತರಿಸುವ ಪ್ಯಾಟರ್ನ್ ಬಗ್ಗೆ. ನೇರ ಗೆರೆಯ ಬ್ಲಾಕಿಗೆ ನಮ್ಮ ಮೊದಲ ಆಯ್ಕೆ ಅದೇ. ಬೇರೆ ಬಗೆಗಳಿಗೂ ಅವುಗಳದೇ ಜಾಗ ಇದೆ.

ಕಾಗದದ ಮೇಲೆ ಹೊಲಿಯುವ ಪ್ಯಾಟರ್ನಿನಲ್ಲಿ ವಿನ್ಯಾಸ ಕಾಗದದ ಮೇಲೆಯೇ ಅಚ್ಚಾಗಿರುತ್ತದೆ. ಬಟ್ಟೆಯನ್ನು ಅಡಿಗೆ ಇಟ್ಟು ಗೆರೆಯ ಮೇಲೆ ಹೊಲಿದು, ಕೊನೆಗೆ ಕಾಗದ ಹರಿದು ತೆಗೆಯುವುದು. ಸೂಜಿಮೊನೆಯಂಥ ಚೂಪು ಬೇಕಾದರೆ ಇದಕ್ಕೆ ಸಾಟಿ ಇಲ್ಲ. ಆದರೆ ಬಟ್ಟೆ ತುಂಬ ವ್ಯರ್ಥವಾಗುತ್ತದೆ, ಚಿತ್ರ ಎಡಬಲ ಅದಲುಬದಲಾಗಿ ಬರುತ್ತದೆ. ನಕ್ಷತ್ರಕ್ಕೆ ಅದರಿಂದ ತೊಂದರೆಯಿಲ್ಲ. ಹಕ್ಕಿ, ಅಕ್ಷರ ಇದ್ದರೆ ಉಲ್ಟಾ ಕಾಣುತ್ತದೆ. ಅಚ್ಚು ಈಗಾಗಲೇ ಕನ್ನಡಿಯಂತೆ ತಿರುಗಿಸಿದ್ದೋ ಅಲ್ಲವೋ ಎಂದು ಪ್ಯಾಟರ್ನ್ ಹೇಳಿರಬೇಕು. ಪ್ರತಿ ಭಾಗಕ್ಕೆ ಹೊಲಿಯುವ ಕ್ರಮದ ಸಂಖ್ಯೆ, ಬಣ್ಣದ ಹೆಸರು, ಸುತ್ತ ಕಾಲು ಇಂಚಿನ ಗೆರೆ, ಈ ಮೂರೂ ಇರಬೇಕು. ಟಾಕು ಚಿಕ್ಕದಿರಬೇಕು, ಸುಮಾರು 1.5 ಮಿ.ಮೀ.; ಉದ್ದ ಟಾಕು ಹಾಕಿದರೆ ಕಾಗದ ಹರಿಯುವಾಗ ಹೊಲಿಗೆಯೂ ಸಡಿಲವಾಗುತ್ತದೆ.

ಪಿಡಿಎಫ್ ಕೊಂಡು ಮನೆಯಲ್ಲೋ ಜೆರಾಕ್ಸ್ ಅಂಗಡಿಯಲ್ಲೋ ಪ್ರಿಂಟ್ ತೆಗೆಸುವವರು ಇದೊಂದನ್ನು ಮರೆಯಬಾರದು. ಅಮೆರಿಕದ ಕಾಗದ 216×279 ಮಿ.ಮೀ., ನಮ್ಮ ಎ4 210×297. ಪ್ರಿಂಟರ್ ‘ಪುಟಕ್ಕೆ ಹೊಂದಿಸು’ ಎಂಬ ಸೆಟ್ಟಿಂಗ್‌ನಲ್ಲಿದ್ದರೆ ಅಗಲದ ಲೆಕ್ಕದಲ್ಲಿ ಇಡೀ ಅಚ್ಚು ನೂರಕ್ಕೆ ಸುಮಾರು 97ರಷ್ಟಕ್ಕೆ ಇಳಿಯುತ್ತದೆ. 12 ಇಂಚಿನ ಬ್ಲಾಕಿನಲ್ಲಿ ಅದು ಇಂಚಿನ ಮೂರನೇ ಒಂದು ಭಾಗ. ಒಳ್ಳೆಯ ಪ್ಯಾಟರ್ನಿನ ಪ್ರತಿ ಅಚ್ಚಿನ ಪುಟದಲ್ಲೂ ಒಂದು ಇಂಚಿನ ಪರೀಕ್ಷೆಯ ಚೌಕ ಇರುತ್ತದೆ. ನೂರಕ್ಕೆ ನೂರು ಅಳತೆಯಲ್ಲಿ ಒಂದು ಪುಟ ತೆಗೆಸಿ, ಆ ಚೌಕದ ಮೇಲೆ ಸ್ಕೇಲಿಟ್ಟು ಉದ್ದ, ಅಗಲ ಎರಡನ್ನೂ ನೋಡಿ, ಆಮೇಲೆ ಉಳಿದ ಪುಟ. ಪರೀಕ್ಷೆಯ ಚೌಕ ಇಲ್ಲದ ಅಚ್ಚಿನ ಪಿಡಿಎಫ್ ಕೊಳ್ಳಲೇಬೇಡಿ.

ಕೈಹೊಲಿಗೆ ಇಷ್ಟಪಡುವವರಿಗೆ, ಬಸ್ಸಿನಲ್ಲೋ ಆಸ್ಪತ್ರೆಯ ಬೆಂಚಿನ ಮೇಲೋ ಕೂತು ಹೊಲಿಯುವವರಿಗೆ ಇಂಗ್ಲಿಷ್ ಪೇಪರ್ ಪೀಸಿಂಗ್ ಒಳ್ಳೆಯದು. ಷಡ್ಭುಜದ ಕಾಗದಕ್ಕೆ ಬಟ್ಟೆ ಮಡಚಿ, ಅಂಚಿಗೆ ಅಂಚು ಸೇರಿಸಿ ಸಣ್ಣ ಟಾಕಿನಲ್ಲಿ ಕೂಡಿಸುವುದು. ಇಲ್ಲಿ ಕೇಳಬೇಕಾದ ಪ್ರಶ್ನೆ: ‘ಒಂದು ಇಂಚಿನ ಷಡ್ಭುಜ’ ಎಂದರೆ ಯಾವ ಒಂದು ಇಂಚು? ರೂಢಿಯಲ್ಲಿ ಅದು ಒಂದು ಬದಿಯ ಉದ್ದ. ಮೊನೆಯಿಂದ ಮೊನೆಗೆ 2 ಇಂಚು, ಬದಿಯಿಂದ ಬದಿಗೆ ಸುಮಾರು 1¾ ಇಂಚು ಬರುತ್ತದೆ. ಪ್ಯಾಟರ್ನ್ ಇದನ್ನು ಚಿತ್ರದಲ್ಲಿ ತೋರಿಸಿರಬೇಕು. ಕೆಲಸದ ಅಂದಾಜೂ ಇರಲಿ: 60×72 ಇಂಚನ್ನು ಈ ಷಡ್ಭುಜಗಳಿಂದ ತುಂಬಲು 1,600ಕ್ಕೂ ಹೆಚ್ಚು ತುಂಡು ಬೇಕು. ಮೊದಲ ಸಲಕ್ಕೆ ಒಂದು ದಿಂಬಿನ ಕವರ್ ಸಾಕು.

ವಿಡಿಯೊ ಕೈಚಳಕ ಕಲಿಯಲು ಒಳ್ಳೆಯದು. ಕ್ವಿಲ್ಟಿನ ಸುತ್ತ ಅಂಚು ಮುಚ್ಚುವ ಅಂಚುಪಟ್ಟಿಯ ಮೂಲೆ ಮಡಚುವುದು, ಅದರ ಎರಡು ತುದಿ ಓರೆಯಾಗಿ ಕೂಡಿಸುವುದು, ಇವನ್ನು ಅಕ್ಷರದಲ್ಲಿ ಓದಿ ತಿಳಿಯುವುದು ಕಷ್ಟ, ಕಣ್ಣಲ್ಲಿ ಒಮ್ಮೆ ನೋಡಿದರೆ ಸಾಕು. ಆದರೆ ಕತ್ತರಿಸುವ ಅಳತೆಗಳನ್ನು ಬಾಯಲ್ಲಿ ಹೇಳುತ್ತ ಹೋಗುವ ವಿಡಿಯೊವನ್ನು ಪ್ಯಾಟರ್ನ್ ಎಂದು ನಂಬಿ ಬಟ್ಟೆ ಕತ್ತರಿಸಬೇಡಿ. ಜೊತೆಗೆ ಬರೆದ ಪಟ್ಟಿ ಇದ್ದರೆ ಸರಿ. ಇಲ್ಲದಿದ್ದರೆ ಪೂರ್ತಿ ನೋಡಿ ನೀವೇ ಬರೆದುಕೊಂಡು, ಲೆಕ್ಕ ತಾಳೆ ಹಾಕಿದ ಮೇಲೆ ಕಟರ್ ಮುಟ್ಟಿ.

ಇಸ್ತ್ರಿಯಿಂದ ಅಂಚಿನವರೆಗೆ

ಚಿತ್ರಗಳಲ್ಲಿ ಸಣ್ಣ ಬಾಣದ ಗುರುತುಗಳಿವೆಯೇ ನೋಡಿ. ಹೊಲಿಗೆಯ ಮಾರ್ಜಿನನ್ನು ಯಾವ ಕಡೆಗೆ ಮಲಗಿಸಿ ಇಸ್ತ್ರಿ ಮಾಡಬೇಕು ಎಂದು ಹೇಳುವುದು ಅವು. ಒಂದು ಸಾಲಿನದು ಬಲಕ್ಕೆ, ಮುಂದಿನ ಸಾಲಿನದು ಎಡಕ್ಕೆ ಮಲಗಿದ್ದರೆ ಎರಡು ಸಾಲು ಸೇರಿಸುವಾಗ ಹೊಲಿಗೆಗಳು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ, ಮೂಲೆ ತಾನಾಗಿ ಸೇರುತ್ತದೆ. ಎರಡೂ ಒಂದೇ ಕಡೆ ಮಲಗಿದರೆ ಅಲ್ಲೊಂದು ಗಂಟು; ಕಾಲಲ್ಲಿ ತುಳಿಯುವ ಯಂತ್ರವೂ ಅಲ್ಲಿ ಎಡವುತ್ತದೆ, ಸೂಜಿ ಮುರಿದರೂ ಮುರಿಯಿತು.

ಬಾರ್ಡರ್ ವಿಷಯದಲ್ಲಿ ಪ್ಯಾಟರ್ನ್ 60½ ಎಂಬ ಅಂಕಿ ಕೊಟ್ಟು, ‘ಕತ್ತರಿಸುವ ಮೊದಲು ನಿಮ್ಮ ಕ್ವಿಲ್ಟಿನ ನಡುಮಧ್ಯದಲ್ಲಿ ಅಳೆಯಿರಿ’ ಎಂದೂ ಹೇಳಬೇಕು. ಅಂಚಿನಲ್ಲಿ ಅಳೆಯಬಾರದು, ಅಂಚು ಹೊಲಿಯುತ್ತ ಹೊಲಿಯುತ್ತ ಜಗ್ಗಿರುತ್ತದೆ. ಅಳೆಯದೆ ಉದ್ದ ಪಟ್ಟಿ ಇಟ್ಟು ಹೊಲಿದು ಕೊನೆಗೆ ಮಿಕ್ಕಿದ್ದನ್ನು ಕತ್ತರಿಸಿದರೆ ಬಾರ್ಡರ್ ಲಂಗದ ನೆರಿಗೆಯಂತೆ ಅಲೆಯುತ್ತದೆ, ಆಮೇಲೆ ಎಷ್ಟು ಇಸ್ತ್ರಿ ಹಾಕಿದರೂ ಹೋಗುವುದಿಲ್ಲ.

ಅಡಿಬಟ್ಟೆ ಸುತ್ತ ನಾಲ್ಕು ಇಂಚು ಹೆಚ್ಚು, ಅಂದರೆ 68×80. 42 ಇಂಚಿನ ಬಟ್ಟೆಯಲ್ಲಿ ಎರಡು ಉದ್ದವನ್ನು ಜೋಡಿಸಬೇಕು. ಜೋಡಣೆ ಕ್ವಿಲ್ಟಿನ ಉದ್ದಕ್ಕೆ ಬಂದರೆ 80ರ ಎರಡು ತುಂಡು, 160 ಇಂಚು. ಅಡ್ಡಕ್ಕೆ ಬಂದರೆ 68ರ ಎರಡು, 136 ಇಂಚು. ಬರೀ ಜೋಡಣೆಯ ದಿಕ್ಕಿನಿಂದ 24 ಇಂಚಿನ ವ್ಯತ್ಯಾಸ. ದಿಕ್ಕು ತೋರಿಸದೆ ‘4½ ಗಜ’ ಎಂದು ಬರೆದ ಪ್ಯಾಟರ್ನ್ ನಿಮ್ಮ ದುಡ್ಡಿನ ಲೆಕ್ಕ ನೋಡಿಲ್ಲ. 90 ಇಂಚು ಪನ್ನಾದ ಬೆಡ್‌ಶೀಟ್ ಬಟ್ಟೆ ಸಿಕ್ಕರೆ ಜೋಡಣೆಯೇ ಬೇಡ, 68 ಇಂಚು ಉದ್ದ ಸಾಕು.

ಅಂಚುಪಟ್ಟಿಗೆ ಸುತ್ತಳತೆ 264, ಮೂಲೆ ಮತ್ತು ಜೋಡಣೆಗೆ 12, ಒಟ್ಟು 276. 40ರ ಲೆಕ್ಕದಲ್ಲಿ ಏಳು ಪಟ್ಟಿ, 2½ ಇಂಚಿನವು, 17½ ಇಂಚು ಬಟ್ಟೆ. ಅರ್ಧ ಮೀಟರ್ ತಂದರೆ ಸರಿಹೋಗುತ್ತದೆ.

ಕೊನೆಯ ಹಂತದಲ್ಲಿ ಎಷ್ಟೋ ಪ್ಯಾಟರ್ನ್‌ಗಳು ‘ನಿಮಗೆ ಇಷ್ಟವಾದಂತೆ ಕ್ವಿಲ್ಟ್ ಮಾಡಿ’ ಎಂದು ಕೈ ತೊಳೆದುಕೊಳ್ಳುತ್ತವೆ. ಮೂರು ಪದರವನ್ನು ಹಿಡಿದಿಡುವ ಹೊಲಿಗೆಯೇ ಕ್ವಿಲ್ಟಿನ ಜೀವ. ಅದನ್ನು ಒಂದು ವಾಕ್ಯದಲ್ಲಿ ಮುಗಿಸುವುದು ತಪ್ಪು. ಹೊಲಿಗೆ ಎಷ್ಟು ಅಂತರದಲ್ಲಿರಬೇಕು ಎನ್ನುವುದನ್ನು ನಡುವೆ ಹಾಕುವ ವ್ಯಾಡಿಂಗ್ (ಹತ್ತಿಯಂಥ ಮೆತ್ತನೆಯ ಪದರ) ನಿರ್ಧರಿಸುತ್ತದೆ. ಅಂತರ ಮಿತಿ ಮೀರಿದರೆ ನಾಲ್ಕು ತೊಳೆತಕ್ಕೆ ಒಳಗೆ ಹತ್ತಿ ಸರಿದು ಗಂಟಾಗುತ್ತದೆ. ಕನಿಷ್ಠ ಒಂದು ಸರಳ ಹೊಲಿಗೆಯ ನಕ್ಷೆ ಕೊಟ್ಟಿರುವ ಪ್ಯಾಟರ್ನನ್ನು ಆರಿಸಿ.

ಪ್ಯಾಟರ್ನೇ ಬೇಡವಾದಾಗ

ಮನೆಯಲ್ಲಿರುವುದು ಹಳೆಯ ಸೀರೆ, ಪಂಚೆ, ಮಕ್ಕಳ ಅಂಗಿ ಎಂದಾದರೆ ಮೇಲೆ ಹೇಳಿದ ಯಾವುದನ್ನೂ ಕೊಳ್ಳಬೇಡಿ. ಒಂದು ತೆಳು, ಒಂದು ದಪ್ಪ, ಒಂದು ಜಗ್ಗುತ್ತದೆ. ಕಾಲು ಇಂಚಿನ ಶಿಸ್ತಿಗೆ ಅವು ಬಗ್ಗುವುದಿಲ್ಲ. ಅದಕ್ಕೆ ಕೌದಿಯೇ ಸರಿ. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಕೌದಿಯನ್ನು ಒಂದು ಮೂಲೆಯಿಂದ ಹಿಡಿದು, ತುಂಡುಗಳ ಅಂಚು ಒಳಗೆ ಮಡಚುತ್ತ, ಅಂಚಿನಿಂದ ನಡುವಿನ ಕಡೆಗೆ ಸುತ್ತಿ ಸುತ್ತಿ ಹೊಲಿಯುತ್ತಾರೆ. ತುಂಡು ಕೂಡಿಸುವ ಹೊಲಿಗೆಯೂ ಪದರ ಹಿಡಿಯುವ ಹೊಲಿಗೆಯೂ ಒಂದೇ ಆಗಿಬಿಡುತ್ತದೆ. ಮೂಲೆಗಳಿಗೆ ಮಡಚಿದ ತ್ರಿಕೋನದ ‘ಫುಲ’ ಇಟ್ಟು ಮುಗಿಸುತ್ತಾರೆ. ಮುಂದಿನ ತುಂಡು ಎಷ್ಟಿರಬೇಕೆಂದು ಅಲ್ಲಿ ಉಳಿದ ಜಾಗವೇ ಹೇಳುತ್ತದೆ. ತುಂಡಿನ ಅಳತೆ ತಪ್ಪಿದರೂ ಕೌದಿ ಕೆಡದಿರುವುದು ಇದೇ ಕಾರಣಕ್ಕೆ. ಒಂದೇ ಅಳತೆಯ 20 ನಕ್ಷತ್ರ ಬೇಕೆಂದಾಗ ಮಾತ್ರ ಲೆಕ್ಕದ ಪ್ಯಾಟರ್ನ್ ಬೇಕಾಗುತ್ತದೆ.

ಕೊಂಡ ಮೇಲೆ: ಒಂದು ಬ್ಲಾಕ್ ಮಾತ್ರ

ಎಲ್ಲ ತುಂಡುಗಳನ್ನೂ ಒಂದೇ ಸಲ ಕತ್ತರಿಸಿ ಎನ್ನುವ ಪ್ಯಾಟರ್ನ್ ಇದ್ದರೂ ಮೊದಲು ಒಂದು ಬ್ಲಾಕಿಗೆ ಬೇಕಾದಷ್ಟೇ ಕತ್ತರಿಸಿ. ಅದಕ್ಕೂ ಮೊದಲು ಯಂತ್ರದ ಮಾರ್ಜಿನ್ ನೋಡಿಕೊಳ್ಳಿ. ಹಳೆಯ ಕಪ್ಪು ಯಂತ್ರದ ಫುಟ್ಟಿನ ಅಂಚು ಸೂಜಿಯಿಂದ ಕಾಲು ಇಂಚೇ ಇರುತ್ತದೆ ಎಂದು ನಂಬುವಂತಿಲ್ಲ. 1½ ಇಂಚು ಅಗಲದ ಮೂರು ಪಟ್ಟಿ ಅಕ್ಕಪಕ್ಕ ಹೊಲಿದು ಇಸ್ತ್ರಿ ಮಾಡಿ. ಒಟ್ಟು ಅಗಲ 3½, ನಡು ಪಟ್ಟಿ ಸರಿಯಾಗಿ 1 ಇಂಚು ಬರಬೇಕು. ಕಡಿಮೆ ಬಂದರೆ ಮಾರ್ಜಿನ್ ಹೆಚ್ಚಾಗಿದೆ. ಯಂತ್ರದ ಹಾಸಿನ ಮೇಲೆ ಟೇಪು ಅಂಟಿಸಿ ಗುರುತು ಮಾಡಿ, ಕೂದಲೆಳೆಯಷ್ಟು ಒಳಗೆ ಸರಿಸಿ ಮತ್ತೆ ಹೊಲಿದು ನೋಡಿ.

ಈಗ ಬ್ಲಾಕ್ ಹೊಲಿದು ಅಳೆಯಿರಿ. 12½ ಬಂದರೆ ಪ್ಯಾಟರ್ನೂ ಸರಿ, ಕೈಯೂ ಸರಿ, ಉಳಿದ 19 ಕತ್ತರಿಸಬಹುದು. 12¼ ಬಂತೆನ್ನಿ. ಬ್ಲಾಕಿನ ಅಡ್ಡಕ್ಕೆ ಹೊಲಿಗೆ ಎರಡು, ಒಂದೊಂದರಲ್ಲಿ ಒಂದು ನೂಲು ಹೋಗಿದೆ. ಗೀಸ್‌ಗಳು ಸೇರಿಸುವ ಮೊದಲು 3½×6½ ಇದ್ದವೇ? ಇದ್ದರೆ ತಪ್ಪು ಮಾರ್ಜಿನ್‌ನದು, ಟೇಪು ಇನ್ನೂ ಸರಿಸಬೇಕು. ಕಡಿಮೆ ಇದ್ದರೆ ಪ್ಯಾಟರ್ನಿನ 7¼, 3⅞ ಅಂಕಿಗಳನ್ನು ಮತ್ತೊಮ್ಮೆ ಲೆಕ್ಕ ಹಾಕಿ: ಮುಗಿದ ಅಗಲಕ್ಕೆ 1¼ ಕೂಡಿಸಿದರೆ ದೊಡ್ಡ ಚೌಕ, ಮುಗಿದ ಎತ್ತರಕ್ಕೆ ⅞ ಕೂಡಿಸಿದರೆ ಸಣ್ಣ ಚೌಕ. ಪ್ಯಾಟರ್ನ್ ಬೇರೆ ಅಂಕಿ ಕೊಟ್ಟು, ಅಂಚು ಸವರುವ ಮಾತನ್ನೂ ಆಡದಿದ್ದರೆ ತಪ್ಪು ಅದರದು. ಪ್ರಕಟಿಸಿದವರು ತಿದ್ದುಪಡಿ ಕೊಟ್ಟಿದ್ದಾರೆಯೇ ನೋಡಿ.

ಇಪ್ಪತ್ತೂ ಹೊಲಿದ ಮೇಲೆ ಎಲ್ಲವೂ 12¼ ಎಂದು ಗೊತ್ತಾದರೆ ಬಿಚ್ಚಬೇಡಿ. ನಕ್ಷತ್ರದ ಮೊನೆ ತುಸು ಮೊಂಡಾಗಿರುತ್ತದೆ, ಆದರೆ ಎಲ್ಲವೂ ಒಂದೇ ಅಳತೆ ಇದ್ದರೆ ಅವು ಒಂದಕ್ಕೊಂದು ಕೂಡುತ್ತವೆ. ಅದೇ ಮಾರ್ಜಿನ್‌ನಲ್ಲಿ ಸೇರಿಸಿದರೆ ನಡುಭಾಗ 48½×60½ರ ಬದಲು 47⅛×58¾ ಬರುತ್ತದೆ. ಎಡಬಲದ ಬಾರ್ಡರನ್ನು 60½ಕ್ಕೆ ಕತ್ತರಿಸದೆ 58¾ಕ್ಕೆ ಕತ್ತರಿಸಿ, ಅವನ್ನು ಹೊಲಿದ ಮೇಲೆ ಅಗಲವನ್ನು ನಡುವಿನಲ್ಲಿ ಮತ್ತೆ ಅಳೆದು ಮೇಲಿನ, ಕೆಳಗಿನ ಪಟ್ಟಿ ಕತ್ತರಿಸಿ. ಕೆಲವು 12½, ಕೆಲವು 12¼ ಇದ್ದರೆ ಮಾತ್ರ ಬಿಚ್ಚುವುದು ಅನಿವಾರ್ಯ. ಆಗ ಸಣ್ಣವನ್ನು ಬಿಚ್ಚಿ ಮಾರ್ಜಿನ್ ಸರಿಪಡಿಸಿ ಹೊಲಿಯಿರಿ. ದೊಡ್ಡವನ್ನು ಕತ್ತರಿಸಿ ಚಿಕ್ಕದು ಮಾಡಲು ಹೋದರೆ ಸರಿಯಾಗಿದ್ದ ಮೊನೆಗಳೂ ಹೋಗುತ್ತವೆ.